ಪಾಟಿಯ ಮೇಲಿನ ಗಡಿ

ಜುಲೈ 6, ರವಿವಾರ

ಸರ್ವೇಯರುಗಳ ಪ್ಯಾನೆಲ್ ನವೀಕರಣದ ಪತ್ರ ಇನ್ನೂ ಬಂದಿಲ್ಲ. ಮೇ ತಿಂಗಳಿಂದ ವಿಮಾ ಕಂಪನಿ ನನಗೆ ಒಂದೂ ಸರ್ವೇ ಕೊಟ್ಟಿಲ್ಲ. ಇಷ್ಟು ವರ್ಷ ಅಪಘಾತವಾದ ಬೈಕು ಸ್ಕೂಟರುಗಳನ್ನು ನೋಡಿ ಹಾನಿಯ ವರದಿ ಬರೆದವನು ಈಗ ಬೆಳಿಗ್ಗೆ ಒಂದೇ ಪೇಪರನ್ನು ಎರಡು ಸಲ ಓದುತ್ತೇನೆ. ಹೆಂಡತಿ ಅಂಬಿಕಾ ಪಾಠ ಮಾಡಲು ಶಾಲೆಗೆ ಹೋದ ಮೇಲೆ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಈ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅದಕ್ಕೇ ದಿನಚರಿ ಮತ್ತೆ ಶುರು ಮಾಡಿದ್ದೇನೆ.

ವಾರದಲ್ಲಿ ನನಗೆ ಕೆಲಸವಿರುವುದು ರವಿವಾರ ಒಂದೇ ದಿನ. ಊಟಕ್ಕೆ ಕುಳಿತಾಗ ಅಂಬಿಕಾ ಅದರ ಬಗ್ಗೆಯೇ ಕೇಳಿದಳು. "ಅಲ್ರೀ, ಶಹಾಬಜಾರದಾಗ ಆ ಚಷ್ಮಾ ಅಂಗಡಿ ಮ್ಯಾಲೆ ನಾಕ್ ಮಂದಿ ಕುಂತು ಏನ್ ಆಡ್ತೀರಿ? ಇಸ್ಪೇಟ್ ಅಲ್ಲ ಅಂತೀರಿ. ಮತ್ತೇನು?"

ಹೇಳಿದೆ. ನಾನು ಒಂದು ಕಥೆ ನಡೆಸುತ್ತೇನೆ, ಉಳಿದ ಮೂವರು ಅದರೊಳಗಿನ ಒಂದೊಂದು ಪಾತ್ರ. ಏನು ಮಾಡಬೇಕೆಂದು ಅವರು ಹೇಳುತ್ತಾರೆ. ಆಗುವುದೋ ಇಲ್ಲವೋ ಎಂಬ ಸಂಶಯವಿರುವ ಕೆಲಸಕ್ಕೆ ನಾನು ಒಂದು ಸಂಖ್ಯೆ ಇಡುತ್ತೇನೆ. ಅದಕ್ಕೆ ನಾವು ಗಡಿ ಅನ್ನುತ್ತೇವೆ. ಆಟಗಾರ ಇಪ್ಪತ್ತು ಮುಖದ ದಾಳ ಉರುಳಿಸುತ್ತಾನೆ. ಬಿದ್ದ ಅಂಕೆ ಗಡಿಯನ್ನು ಮುಟ್ಟಿದರೆ ಅಥವಾ ದಾಟಿದರೆ ಕೆಲಸ ಆಯಿತು, ಇಲ್ಲದಿದ್ದರೆ ಇಲ್ಲ. ಐದು ಸುಲಭ, ಹತ್ತು ಸಾಧಾರಣ, ಹದಿನೈದು ಕಷ್ಟ, ಇಪ್ಪತ್ತು ಅಂದರೆ ಆಸೆ ಬಿಡಬೇಕಾದದ್ದು.

"ಅಂದ್ರ ನಂಬರ್ ಇಡಾವ್ರು ನೀವ. ಎಲ್ಲಾ ನಿಮ್ಮ ಕೈಯಾಗ ಅದ ಅಂತಾತು."

ಅಲ್ಲ ಎಂದೆ. ಅದಕ್ಕೇ ಪಾಟಿ ಇಟ್ಟಿರುವುದು, ಶಾಲೆ ಮಕ್ಕಳ ಸ್ಲೇಟು. ದಾಳ ಉರುಳುವ ಮುಂಚೆ ಗಡಿಯನ್ನು ಪಾಟಿಯ ಮೇಲೆ ಬರೆದು ಮೇಜಿನ ಮೇಲೆ ಬೋರಲು ಹಾಕುತ್ತೇನೆ. ದಾಳ ನಿಂತ ಮೇಲೆ ಎತ್ತಿ ತೋರಿಸುತ್ತೇನೆ. ಆಮೇಲೆ ನಾನೂ ಬದಲಿಸುವಂತಿಲ್ಲ. ಬೇರೆ ಊರುಗಳಲ್ಲಿ ಈ ಆಟ ಆಡುವವರಿಗೆ ಈ ಪದ್ಧತಿ ಇಲ್ಲ ಎಂದು ನಮ್ಮ ಜೊತೆ ಆಡುವ ಅಂಬರೀನ್ ಹೇಳುತ್ತಾಳೆ. ಚಷ್ಮಾ ಅಂಗಡಿಯ ತಾರಿಖ್ ಮೊದಲ ತಿಂಗಳೇ "ಸಾಬ್, ನೀವು ನನಗ ನೋಡಿ ನಂಬರ್ ಇಡ್ತೀರಿ" ಎಂದು ಜಗಳ ತೆಗೆದಿದ್ದ. ಅಂದಿನಿಂದ ಪಾಟಿ ಬಂತು.

ಇವತ್ತು ಮೂರನೆಯ ಆಟಗಾರ ಯಶವಂತನ ಪಾತ್ರ ಕೋಟೆಯ ಗೋಡೆ ಹತ್ತಬೇಕಿತ್ತು. ಅವನ ಪಾತ್ರ ಒಬ್ಬ ದೂತ, ಸುಲ್ತಾನನ ಪತ್ರವನ್ನು ಇನ್ನೊಂದು ಕೋಟೆಗೆ ಮುಟ್ಟಿಸಬೇಕು. ಹದಿನೈದು ಬರೆದಿದ್ದೆ. ಹದಿಮೂರು ಬಿತ್ತು. ಪಾಟಿ ನೋಡಿ ಮುಖ ಸಣ್ಣದು ಮಾಡಿಕೊಂಡ. "ಎರಡ ಕಮ್ಮಿ ಇಟ್ಟಿದ್ರ ಏನ್ ಹೋಗ್ತಿತ್ತು ಕಾಕಾ?"

ಗಡಿ ಗೋಡೆಯದು, ಹತ್ತುವವನದಲ್ಲ ಎಂದೆ. ಅಂಬರೀನ್ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಜುಲೈ 13, ರವಿವಾರ

ಯಶವಂತ ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಂದಿದ್ದ. ಅವನಿಗೆ ಅಲ್ಲಿ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇದೆ. ಇರುವುದು ಊರಾಚೆ, ಹಳ್ಳದ ಆ ಕಡೆ ಹೊಲದ ಮನೆಯಲ್ಲಿ, ತಾಯಿಯ ಜೊತೆ. ವಯಸ್ಸು ಇಪ್ಪತ್ತಾರು. ಬೈಕು ಚೆನ್ನಾಗಿ ಓಡಿಸುತ್ತಾನೆ. ನಾನು ಸುಮ್ಮನೆ ಹಾಗೆ ಹೇಳುವವನಲ್ಲ, ಕೆಟ್ಟದಾಗಿ ಓಡಿಸಿದವರ ಬೈಕುಗಳನ್ನೇ ನೋಡಿ ಬದುಕಿದವನು.

ಆಟ ಮುಗಿದು ಚಾ ಕುಡಿಯುವಾಗ ಅಂಬರೀನ್ ತಮಾಷೆಗೆ ಕೇಳಿದಳು. ಅವಳು ಸೇಡಂ ರಸ್ತೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ, ಮೇಲಿನ ಹುದ್ದೆಗೆ ಅರ್ಜಿ ಹಾಕಿದ್ದಾಳೆ. "ಸರ್, ನಾಳೆ ನಂದು ಇಂಟರ್ವ್ಯೂ ಅದ. ಅದಕ್ಕ ಗಡಿ ಎಷ್ಟ ಇಡ್ತೀರಿ?"

ಪಾಟಿ ತೆಗೆದುಕೊಂಡು ಹನ್ನೆರಡು ಬರೆದು ಬೋರಲು ಹಾಕಿದೆ. ದಾಳ ಉರುಳಿಸಿದಳು. ಹದಿನೇಳು. ತಾರಿಖ್ ಚಪ್ಪಾಳೆ ತಟ್ಟಿದ. "ಬಸ್, ಕೆಲಸ ಆತು. ಇನ್ನ ಇಂಟರ್ವ್ಯೂಗೆ ಹೋಗೋದೇ ನಕ್ಕೋ, ಬ್ಯಾಡೇ ಬ್ಯಾಡ."

ಎಲ್ಲರೂ ನಕ್ಕೆವು.

ಜುಲೈ 16, ಬುಧವಾರ

ಅಂಬರೀನಳಿಗೆ ಹುದ್ದೆ ಸಿಕ್ಕಿತು. ಫೋನ್ ಮಾಡಿ ಹೇಳಿದಳು. "ನಿಮ್ಮ ಹನ್ನೆರಡು ಖರೇ ಆತ್ರೀ ಸರ್." ನಾನು ಆ ಹುದ್ದೆಗೆ ಎಷ್ಟು ಜನ ಅರ್ಜಿ ಹಾಕಿದ್ದರು, ಅವಳ ಅನುಭವ ಎಷ್ಟು ಎಂದು ಲೆಕ್ಕ ಹಾಕಿಯೇ ಹನ್ನೆರಡು ಇಟ್ಟಿದ್ದೆ. ಅಂದಾಜು ಸರಿಯಾಗಿತ್ತು ಅಷ್ಟೇ. ಹಾನಿಯ ಅಂದಾಜು ಮಾಡುವುದೇ ನನ್ನ ಕಸುಬಲ್ಲವೇ.

ಪ್ಯಾನೆಲ್ ಬಗ್ಗೆ ಕಂಪನಿಗೆ ಫೋನ್ ಮಾಡಿದೆ. ಮುಂದಿನ ತಿಂಗಳು ನೋಡೋಣ ಎಂದರು.

ಜುಲೈ 20, ರವಿವಾರ

ತಾರಿಖ್ ಬೇರೆಯವರು ಬರುವ ಮುಂಚೆ ನನ್ನನ್ನು ಮೇಲೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಅವನಿಗೂ ಅಣ್ಣ ಅಲ್ಲಾವುದ್ದೀನನಿಗೂ ಆರು ವರ್ಷದಿಂದ ಮಾತಿಲ್ಲ. ಅಪ್ಪನ ಮಣ್ಣಿನ ದಿನ ಯಾರು ಮುಂದೆ ನಿಂತರು ಎಂಬ ವಿಷಯಕ್ಕೆ ಶುರುವಾದದ್ದು. ಈಗ ಹೋಗಿ ಮಾತಾಡಿಸಬೇಕು ಅನ್ನಿಸುತ್ತಿದೆ ಎಂದ. "ನಾನೇ ಮೊದಲು ಹೋಗ್ಬೇಕು. ಗಡಿ ಹೇಳ್ರಿ ಸಾಬ್."

ಆರು ವರ್ಷದ ಮೌನ ಸಣ್ಣದಲ್ಲ. ಹದಿನೆಂಟು ಬರೆದೆ. ಅವನಿಗೆ ಆರು ಬಿತ್ತು.

ಸ್ವಲ್ಪ ಹೊತ್ತು ದಾಳವನ್ನೇ ನೋಡಿದ. "ಚಲೋ ಆತು," ಎಂದ. "ಹೋಗಿ ಮರ್ಯಾದಿ ಕಳ್ಕೊಳ್ಳೋದು ತಪ್ತು."

ಜುಲೈ 27, ರವಿವಾರ

ಆಟದ ನಡುವೆ ಕೆಳಗೆ ಅಂಗಡಿಗೆ ಯಾರೋ ಬಂದರು. ಕಿಟಕಿಯಿಂದ ಬಗ್ಗಿ ನೋಡಿದ ಯಶವಂತ, "ತಾರಿಖ್ ಭಾಯ್, ನಿಮ್ಮ ಅಣ್ಣ ಬಂದಾರ್ರೀ" ಎಂದ. ಅಲ್ಲಾವುದ್ದೀನ್ ಕೈಯಲ್ಲಿ ಕಾಲು ಮುರಿದ ಚಷ್ಮಾ ಹಿಡಿದುಕೊಂಡು ನಿಂತಿದ್ದರು. ಊರಲ್ಲಿ ಚಷ್ಮಾ ಅಂಗಡಿ ಇಪ್ಪತ್ತಿವೆ. ಅವರು ಇಲ್ಲಿಗೇ ಬಂದಿದ್ದರು.

ತಾರಿಖ್ ಎದ್ದ. ಮೆಟ್ಟಿಲ ತನಕ ಹೋದ. ನನ್ನ ಕಡೆ ನೋಡಿ ನಿಂತ.

ನಾನು ಪಾಟಿ ಒರೆಸುತ್ತಾ ಕುಳಿತೆ.

ವಾಪಸ್ ಬಂದು ಕುಳಿತ. "ಗಡಿ ದಾಟಿಲ್ಲಲ್ಲ," ಎಂದ.

"ಅದು ಆಟ ಆಗಿತ್ತು ಭಾಯ್," ಎಂದಳು ಅಂಬರೀನ್. "ಅವರು ತಾವೇ ಬಂದಾರ. ಇಳೀರಿ ಕೆಳಗ."

"ನಿನ್ನ ನೌಕರಿ ಆಟ ಆಗಿತ್ತೇನು?"

ಕೆಳಗಿದ್ದ ಕೆಲಸದವನು ಚಷ್ಮಾದ ಕಾಲು ಜೋಡಿಸಿ ಕೊಟ್ಟ. ಅಲ್ಲಾವುದ್ದೀನ್ ಸ್ವಲ್ಪ ಹೊತ್ತು ನಿಂತು ಹೋದರು. ಆಮೇಲೆ ಅಂಬರೀನ್ ತನ್ನ ಪಾತ್ರಕ್ಕೆ ಒಂದೇ ಒಂದು ಮಾತು ಆಡಿಸಲಿಲ್ಲ. ಇದರಿಂದ ಕಥೆಯ ಒಂದು ಭಾಗ ಹಾಗೇ ಉಳಿಯಿತು. ಮುಂದಿನ ವಾರ ತುಂಬಿಸಬೇಕು.

ಆಗಸ್ಟ್ 3, ರವಿವಾರ

ಇವತ್ತಿನದು ಒಳ್ಳೆಯ ಆಟ. ದೂತ ಪತ್ರ ಹಿಡಿದು ತುಂಬಿದ ನದಿಯ ದಂಡೆಗೆ ಬಂದಿದ್ದ. ಹಿಂದೆ ಬೆನ್ನಟ್ಟಿದ ಸವಾರರು. ಯಶವಂತ ಕುದುರೆಯನ್ನು ನೀರಿಗೆ ಇಳಿಸುತ್ತೇನೆ ಎಂದ. ದೂತ ಮುಳುಗಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ, ಎಂಟು ತಿಂಗಳಿಂದ ಕಟ್ಟಿದ ಕಥೆ. ಇಂಥ ನದಿಗೆ ನನ್ನ ಲೆಕ್ಕದಲ್ಲಿ ಹದಿನೇಳು. ಬಳಪ ಹಿಡಿದೆ, ಬರೆಯಲಿಲ್ಲ. ಖಾಲಿ ಪಾಟಿಯನ್ನೇ ಬೋರಲು ಹಾಕಿದೆ.

ಹನ್ನೆರಡು ಬಿತ್ತು. ಪಾಟಿಯನ್ನು ನನ್ನ ಕಡೆ ವಾಲಿಸಿ ಹನ್ನೊಂದು ಎಂದು ಬರೆದು ತೋರಿಸಿದೆ.

ಯಶವಂತ ಎದ್ದು ನಿಂತುಬಿಟ್ಟ. "ನದಿ ನನಗ ದಾರಿ ಬಿಡ್ತದ ಕಾಕಾ!"

ಇದು ಒಂದೇ ಸಲ. ಕಥೆಗಾಗಿ. ನಿಯಮ ಇರುವುದು ಆಟ ನಡೆಯಲಿ ಎಂದು, ನಿಲ್ಲಲಿ ಎಂದಲ್ಲ.

ಆಗಸ್ಟ್ 10, ರವಿವಾರ

ಮೆಟ್ಟಿಲ ಹತ್ತಿರ ಅಂಬರೀನ್ ನನ್ನನ್ನು ತಡೆದಳು.

"ಹ್ವಾದ ವಾರ ದಾಳ ಬಿದ್ದ ಮ್ಯಾಲೆ ಬಳಪದ ಸಪ್ಪಳ ಬಂತ್ರೀ ಸರ್. ಇವತ್ತೂ ಬಂತು. ಎರಡ ಸಲ."

ಕಥೆಗಾಗಿ ಎಂದೆ.

"ಕಥಿ ಅಲ್ರೀ. ಯಶವಂತ ಬೀಳೋದು ನಿಮಗ ನೋಡ್ಲಿಕ್ಕ ಆಗಂಗಿಲ್ಲ, ಅದಕ್ಕ. ಅವ ಚಲೋ ಹುಡುಗ, ನನಗೂ ಗೊತ್ತದ. ಆದ್ರ ಗಡಿ ಗೋಡೀದು ಅಂತ ನೀವೇ ಹೇಳಿದ್ರಿ." ದುಪಟ್ಟಾ ಸರಿಮಾಡಿಕೊಂಡು ಮತ್ತೆ ಹೇಳಿದಳು. "ಅವನಿಗಿ ತಾ ಬೀಳಂಗೇ ಇಲ್ಲ ಅಂತ ಅನ್ಸಾಕತ್ತದ. ಬೈಕ್ ಹ್ಯಾಂಗ್ ಓಡಿಸ್ತಾನ ನೋಡೀರೇನು ಈಗ?"

ಹೊಸ ಹುದ್ದೆಯಲ್ಲಿ ರವಿವಾರ ಡ್ಯೂಟಿ ಇರುತ್ತದೆ, ಇನ್ನು ಬರಲು ಆಗುವುದಿಲ್ಲ ಎಂದು ಹೇಳಿ ಇಳಿದು ಹೋದಳು. ಡ್ಯೂಟಿ ನಿಜವಿರಬಹುದು.

ಇನ್ನು ಉಳಿದವರು ಇಬ್ಬರು. ಒಬ್ಬನನ್ನೇ ಕೂರಿಸಿಕೊಂಡು ಈ ಆಟ ಆಡಲು ಬರುವುದಿಲ್ಲ. ಇಬ್ಬರೂ ಪ್ರತಿ ವಾರ ಬರಲೇಬೇಕು.

ಆಗಸ್ಟ್ 19, ಮಂಗಳವಾರ

ಪ್ಯಾನೆಲ್‌ನಿಂದ ನನ್ನ ಹೆಸರು ತೆಗೆದಿದ್ದಾರೆ. ಕಾರಣ ಬರೆದಿಲ್ಲ.

ಅಂಬಿಕಾಗೆ ಹೇಳಬೇಕು. ಗಡಿ ಇಪ್ಪತ್ತು ಇಟ್ಟೆ. ಎಂಟು ಬಿತ್ತು. ಹೇಳಲಿಲ್ಲ.

ಆಗಸ್ಟ್ 23, ಶನಿವಾರ

ಯಶವಂತ ಈಗ ತನ್ನದೇ ಒಂದು ದಾಳ ತರಿಸಿಕೊಂಡಿದ್ದಾನೆ, ಕೆಂಪು ಬಣ್ಣದ್ದು. ಅಂಗಡಿಯ ಗಾಜಿನ ಮೇಲೆ ಇಟ್ಟುಕೊಂಡು ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಫೋನ್ ಮಾಡುತ್ತಾನೆ. "ಕಾಕಾ, ನೀರಾಗ ಬಿದ್ದ ಫೋನ್ ಬಂದದ. ಬಿಚ್ಚಲೇನು?" ಹದಿಮೂರು ಅನ್ನುತ್ತೇನೆ. ಗಾಜಿನ ಮೇಲೆ ದಾಳ ಕುಣಿಯುವ ಸದ್ದು ಕೇಳುತ್ತದೆ. ಬಿದ್ದರೆ ಬಿಚ್ಚುತ್ತಾನೆ, ಬೀಳದಿದ್ದರೆ ಕಲಬುರಗಿಗೆ ಒಯ್ಯಿರಿ ಎಂದು ಗಿರಾಕಿಯನ್ನು ಕಳಿಸುತ್ತಾನೆ. ಅವನಿಗೆ ಇದರಿಂದ ಲಾಭವೇ ಆಗಿದೆ ಎಂದು ನನ್ನ ಅಭಿಪ್ರಾಯ. ತಾರಿಖ್ ಕೂಡ ದಿನಕ್ಕೊಮ್ಮೆ ಮಾಡುತ್ತಾನೆ.

ಬೆಳಗಿನ ಹೊತ್ತು ಈಗ ಖಾಲಿ ಅನ್ನಿಸುವುದಿಲ್ಲ. ಒಂದು ಫೋನ್ ಇಟ್ಟು ಇನ್ನೊಂದಕ್ಕೆ ಕಾಯುತ್ತೇನೆ.

ಅಂಬಿಕಾ ಅಡುಗೆಮನೆಯಿಂದಲೇ ಕೇಳಿದಳು. "ಯಾರ್ರೀ ಅದು, ದಿನಾ ಮುಂಜಾನಿ? ಸರ್ವೇ ಬಂತೇನು?"

ಹೂಂ ಎಂದೆ.

ಆಗಸ್ಟ್ 31, ರವಿವಾರ

ಮೂರು ದಿನದಿಂದ ಮಳೆ. ಬೆಳಿಗ್ಗೆ ಯಶವಂತನ ಫೋನ್. ಅವನ ಮನೆಗೂ ಕಮಲಾಪುರಕ್ಕೂ ನಡುವೆ ಇರುವ ಹಳ್ಳಕ್ಕೆ ತಗ್ಗಿನ ಸೇತುವೆ ಇದೆ, ಅಂಚಿಗೆ ತಡೆಯುವ ಕಟಾಂಜನ ಇಲ್ಲ. ಇನ್ನೊಂದು ದಾರಿ ಕಪ್ಪು ಮಣ್ಣಿನ ಎರಿ ಹೊಲದ ಮೇಲೆ ಸುತ್ತಿ ಬರುತ್ತದೆ, ಮಳೆ ಬಿದ್ದರೆ ಅದರಲ್ಲಿ ಗಾಲಿ ಹೂಳುತ್ತದೆ.

"ಸೇತುವಿ ಮ್ಯಾಲೆ ಗೇಣು ನೀರ್ ಹೊಂಟಾವ ಕಾಕಾ. ಎಷ್ಟು?"

ಹನ್ನೆರಡು ಎಂದೆ. ಹದಿನೈದು ಬಿತ್ತು. ಬಂದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಬಾಳೆಹಣ್ಣಿನ ಚೀಲ ಕೊರಳಿಗೆ ಕಟ್ಟಿಕೊಂಡಿದ್ದ. "ನಮ್ಮವ್ವ ಬೆನ್ನ ಹತ್ತಿ ಹಳ್ಳದ ತನಾ ಬಂದಿದ್ಲು, ಬ್ಯಾಡೋ ಬ್ಯಾಡೋ ಅಂತ. ನಾ ಏನ್ ಅಂದೆ ಗೊತ್ತದೇನು? ಕಾಕಾರ ಗಡಿ ದಾಟೀನಿ, ಹಳ್ಳ ಏನ್ ದೊಡ್ಡದು ಅಂದೆ."

ತಾರಿಖ್ ನಕ್ಕು ಅವನಿಗೆ ಒರೆಸಿಕೊಳ್ಳಲು ಚಷ್ಮಾ ಒರೆಸುವ ಬಟ್ಟೆ ಕೊಟ್ಟ. ಅಂಗೈಯಷ್ಟಗಲದ್ದು. ಅದನ್ನೇ ಹಣೆಗೆ ಒತ್ತಿಕೊಂಡು ಯಶವಂತ ಇನ್ನಷ್ಟು ನಕ್ಕ.

ಹಳ್ಳದ ಕೇಸುಗಳನ್ನು ನಾನು ಬಹಳ ನೋಡಿದ್ದೇನೆ. ಓಡುವ ನೀರು ಚಕ್ರದ ನಡುಮಟ್ಟಕ್ಕೆ ಬಂದರೆ ಹಿಂದಿನ ಗಾಲಿ ನೆಲ ಬಿಡುತ್ತದೆ. ಆಮೇಲೆ ಸವಾರನ ಕೈಯಲ್ಲಿ ಏನೂ ಇಲ್ಲ. ಇಂಥ ವರದಿಗಳ ಕೊನೆಗೆ ನಾನು ಒಂದೇ ವಾಕ್ಯ ಬರೆಯುತ್ತಿದ್ದೆ: ಸವಾರನು ಅಪಾಯ ತಿಳಿದೂ ನೀರಿಗೆ ಇಳಿದಿದ್ದಾನೆ. ಗೇಣು ನೀರು ಅಷ್ಟು ಬರುವುದಿಲ್ಲ. ಹನ್ನೆರಡು ಸರಿ.

ಸೆಪ್ಟೆಂಬರ್ 7, ರವಿವಾರ

ತಾರಿಖ್ ಸಂಬಂಧಿಕರ ಮದುವೆಗೆಂದು ಬೀದರಿಗೆ ಹೋಗಿದ್ದ. ಆಟ ಇಲ್ಲ. ಪೇಪರಿನ ಪದಬಂಧ ತುಂಬಿಸಿದೆ. ಮಧ್ಯಾಹ್ನ ಶಹಾಬಜಾರಕ್ಕೆ ಹೋಗಿ ಮುಚ್ಚಿದ ಅಂಗಡಿಯ ಮುಂದೆ ನಿಂತು ಬಂದೆ.

ಅಂಬಿಕಾಗೆ ಗೊತ್ತಾಗಿದೆ. ಪ್ಯಾನೆಲ್‌ನ ಪತ್ರ ಅವಳ ಕೈಗೆ ಸಿಕ್ಕಿದೆ. ಜಗಳ ಮಾಡಲಿಲ್ಲ. "ಹೇಳಿದ್ರ ನಾ ಏನ್ ಮಾಡ್ತಿದ್ದೆ ಅಂತ ತಿಳ್ಕೊಂಡ್ರಿ?" ಎಂದಳು. ಇಪ್ಪತ್ತು ಎಂದು ತಿಳಿದುಕೊಂಡಿದ್ದೆ ಎಂದು ಹೇಳಲು ಆಗಲಿಲ್ಲ.

ಮುಂದಿನ ರವಿವಾರ ದೂತ ಪತ್ರ ಮುಟ್ಟಿಸುತ್ತಾನೆ. ಕಥೆಯ ಕೊನೆ. ನಾಲ್ಕು ಹಾಳೆ ಬರೆದು ಇಟ್ಟಿದ್ದೇನೆ. ಮೇ ತಿಂಗಳಿಂದ ನಾನು ಮಾಡಿದ ಕೆಲಸ ಅಂತ ಇರುವುದು ಇದೊಂದೇ.

ಸೆಪ್ಟೆಂಬರ್ 14, ರವಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಇಡೀ ದಿನ ಮಳೆ. ಬೆಳಿಗ್ಗೆ ಯಶವಂತ ಫೋನ್ ಮಾಡಿದ. ಹಿಂದೆ ನೀರಿನ ಸದ್ದು ಕೇಳುತ್ತಿತ್ತು.

"ಇವತ್ತ ಬ್ಯಾಡ ಅನ್ಸಾಕತ್ತದ ಕಾಕಾ. ಸೇತುವಿ ಕಾಣವಲ್ದು. ಆ ಕಡಿ ಈ ಕಡಿ ಕಲ್ಲಿನ ತುದಿ ಅಷ್ಟೇ ಕಾಣ್ತಾವ."

ಹಾಗಾದರೆ ತಾರಿಖ್ ಸುಮ್ಮನೆ ಕಾಯುತ್ತ ಕೂರಬೇಕಾಗುತ್ತದೆ ಎಂದೆ. ಇವತ್ತು ಕೊನೆಯ ಭಾಗ ಎಂದು ನೆನಪಿಸಿದೆ.

"ಗೊತ್ತದ್ರಿ. ನನಗೂ ಬರೂದದ. ಅವ್ವ ಬ್ಯಾಡ ಅಂತಾಳ. ನಾಷ್ಟಾ ಹಾಕ್ಕೊಟ್ಟಾಳ, ಕುಂತೀನಿ."

ನಾನು ಬಾ ಎಂದು ಹೇಳಲಿಲ್ಲ. "ಗಡಿ ಬೇಕಾದ್ರ ಕೇಳು" ಎಂದಷ್ಟೇ ಹೇಳಿದೆ.

ಕೇಳಿಯೇ ಬಿಟ್ಟ. "ಎಷ್ಟು?"

ಅಂಥ ನೀರಿಗೆ ಗಡಿ ಎಷ್ಟೆಂದು ಯೋಚಿಸಿದೆ. ಓಡಿಸುವವನು ಯಶವಂತ. ಹಿಂದೆಯೂ ದಾಟಿದ್ದಾನೆ. ಬೈಕಿನ ಟೈರು ಹೊಸದು. "ಹತ್ತು" ಎಂದೆ.

ಸ್ಟೀಲ್ ತಾಟಿನ ಮೇಲೆ ದಾಳ ಬಿದ್ದ ಸದ್ದು ಬಂತು.

"ಹದಿನಾಲ್ಕು, ಕಾಕಾ." ದನಿಯಲ್ಲಿ ನಗು ಇತ್ತು. "ಹೊಂಟೆ."

ಹಿಂದಿನಿಂದ ಹೆಂಗಸೊಬ್ಬರು ಏನೋ ಕೇಳಿದರು. ಫೋನ್ ಕಟ್ಟಾಯಿತು.

ಹನ್ನೊಂದಕ್ಕೆ ನಾನು ಶಹಾಬಜಾರದಲ್ಲಿದ್ದೆ. ಪಾಟಿ ಒರೆಸಿ ಇಟ್ಟೆ, ಹಾಳೆಗಳನ್ನು ಜೋಡಿಸಿದೆ. ತಾರಿಖ್ ಮಿರ್ಚಿ ಭಜಿ ತರಿಸಿದ. ಅವು ಆರಿದವು. ತಾರಿಖ್ ಫೋನ್ ಮಾಡುತ್ತಲೇ ಇದ್ದ. ಮೊದಲು ರಿಂಗಾಗುತ್ತಿಲ್ಲ ಎಂದ. ಆಮೇಲೆ ಸ್ವಿಚ್ ಆಫ್ ಬರುತ್ತಿದೆ ಎಂದ.

"ನೆಟ್ವರ್ಕ್ ಇರಂಗಿಲ್ಲ ಮಳ್ಯಾಗ," ಎಂದೆ.

"ಹೌ," ಎಂದ ತಾರಿಖ್. ಸ್ವಲ್ಪ ಹೊತ್ತಿನ ಮೇಲೆ, "ಗಡಿ ಕೇಳಿ ಹೊಂಟಿದ್ದನೇನು ಸಾಬ್?"

ಕೇಳಿದ್ದ ಎಂದೆ. ಎಷ್ಟು ಎಂದು ಅವನು ಕೇಳಲಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಬೈಕು ಸಿಕ್ಕಿದೆ. ಅವನು ಸಿಕ್ಕಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಸೇತುವೆಯಿಂದ ಕೆಳಕ್ಕೆ ಬಹಳ ದೂರ, ಜಾಲಿ ಕಂಟಿಗೆ ಸಿಕ್ಕಿಕೊಂಡಿದ್ದನಂತೆ. ನೀರು ಇಳಿದ ಮೇಲೆ ಕಂಡನಂತೆ. ತಾರಿಖ್ ಫೋನ್ ಮಾಡಿ ಹೇಳಿದ, ಆಮೇಲೆ ಅಳತೊಡಗಿದ. ನಾನು ಫೋನ್ ಕಿವಿಗೆ ಹಿಡಿದುಕೊಂಡೇ ಇದ್ದೆ.

ಸೆಪ್ಟೆಂಬರ್ 17, ಬುಧವಾರ

ಪೇಪರಿನಲ್ಲಿ ಐದನೇ ಪುಟದ ಕೆಳಗೆ ಬಂದಿದೆ. ಒಂದೇ ಕಾಲಂ. ಹಳ್ಳ ದಾಟುವಾಗ ಬೈಕ್ ಸವಾರ ಸಾವು. ಹೆಸರು ಸರಿ ಇದೆ, ವಯಸ್ಸು ಇಪ್ಪತ್ತೆಂಟು ಎಂದು ತಪ್ಪು ಹಾಕಿದ್ದಾರೆ. ಸೇತುವೆಯ ಮೇಲೆ ನೀರು ಎಷ್ಟಿತ್ತು ಎಂದು ಬರೆದಿಲ್ಲ. ಅದನ್ನು ಬರೆಯಬೇಕಿತ್ತು.

ಅಂಬಿಕಾ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣಕ್ಕೆಂದು ಬೇಗ ಶಾಲೆಗೆ ಹೋದಳು. ಹೋಗುವ ಮುಂಚೆ ನನ್ನ ಭುಜದ ಮೇಲೆ ಕೈ ಇಟ್ಟು, "ನಿಮಗ ಭಾಳ ಹಚ್ಕೊಂಡಿದ್ದ," ಎಂದಳು.

ಬೆಳಗಿನಿಂದ ಯೋಚಿಸುತ್ತಿದ್ದೇನೆ. ಅವನಿಗೆ ಬಿದ್ದದ್ದು ಹದಿನಾಲ್ಕು. ನಾನು ಹದಿನೈದು ಎಂದಿದ್ದರೆ ಅವನು ನಾಷ್ಟಾ ಮುಗಿಸಿ ಮನೆಯಲ್ಲಿರುತ್ತಿದ್ದ. ಹದಿನೈದು ತಪ್ಪಾಗುತ್ತಿರಲಿಲ್ಲ. ಆದರೆ ಹದಿನಾರು ಬಿದ್ದಿದ್ದರೆ ಹದಿನೈದೂ ಸಾಲುತ್ತಿರಲಿಲ್ಲ. ದಾಳ ಏನು ಬೀಳುತ್ತದೆ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ಅಂಬರೀನಳಿಂದ ಒಂದು ಮೆಸೇಜ್ ಬಂದಿದೆ. "ಎಷ್ಟು ಹೇಳಿದ್ರಿ ಸರ್?" ಅಷ್ಟೇ. ಉತ್ತರ ಬರೆದಿಲ್ಲ.

ಸೆಪ್ಟೆಂಬರ್ 18, ಗುರುವಾರ

ತಾರಿಖ್ ಜೊತೆ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿದ್ದೆ. ಯಶವಂತನ ಅಂಗಡಿಯ ಶಟರ್ ಎಳೆದಿತ್ತು, ಯಾರೋ ಹೂವಿನ ಹಾರ ಸಿಗಿಸಿದ್ದರು. ಅಲ್ಲಿಂದ ಆಟೋದಲ್ಲಿ ಹಳ್ಳದ ತನಕ. ಹಳ್ಳ ಇಳಿದಿದೆ. ಸೇತುವೆಯ ಮೇಲೆ ಪಾದ ತೋಯುವಷ್ಟೂ ನೀರಿಲ್ಲ, ಕೆಸರು ಮತ್ತು ಜೋಳದ ದಂಟು ಇವೆ. ಇಷ್ಟು ಸಣ್ಣ ಸೇತುವೆ ಎಂದುಕೊಂಡಿರಲಿಲ್ಲ. ಮಧ್ಯದಲ್ಲಿ ಒಂದು ಕಡೆಯ ಅಂಚು ಕಿತ್ತುಹೋಗಿದೆ. ಅದು ಹಳೆಯದೋ ಈಗಿನದೋ ನೋಡಿದೆ. ಹಳೆಯದು, ಒಡೆದ ಕಡೆ ಪಾಚಿ ಇದೆ. ಅಂದರೆ ಅವನಿಗೆ ಗೊತ್ತಿದ್ದದ್ದೇ.

ಮನೆಯಲ್ಲಿ ಅವನ ತಾಯಿ ಭೀಮಬಾಯಿ ಕಂಬಕ್ಕೆ ಒರಗಿ ಕುಳಿತಿದ್ದರು. ಸುತ್ತ ನಾಲ್ಕಾರು ಹೆಂಗಸರು. ತಾರಿಖ್ ಮಾತಾಡಲಾಗದೆ ಅಂಗಳದಲ್ಲೇ ನಿಂತ. ನಾನು ಒಳಗೆ ಹೋಗಿ ಹೆಸರು ಹೇಳಿದೆ.

"ಕಾಕಾ ಅಂದ್ರ ನೀವೇನ್ರಿ?" ಎಂದರು. "ದಿನಾ ನಿಮ್ಮ ಮಾತೇ ಹೇಳ್ತಿದ್ದ. ಅಪ್ಪ ಇಲ್ಲದ ಹುಡುಗ. ನಿಮ್ಮ ಮಾತ್ ಅಂದ್ರ ಅವನಿಗಿ ಮೀರಾಕ ಆಗ್ತಿರಲಿಲ್ಲ." ಪಕ್ಕದವರಿಗೆ ಚಾ ಇಡಲು ಹೇಳಿದರು. ಬೇಡ ಎಂದೆ. ಕೇಳಲಿಲ್ಲ.

ಆಮೇಲೆ ಆ ಬೆಳಗಿನ ಮಾತು ತೆಗೆದರು. "ಹೋಗಂಗಿಲ್ಲ ಅಂದಿದ್ದ. ಬೂಟ್ ಬಿಚ್ಚಿ ಇಟ್ಟಿದ್ದ. ಸುಸಲಾ ಹಾಕ್ಕೊಟ್ಟೆ, ಅರ್ಧಾ ತಿಂದಿದ್ದ. ಯಾರಿಗೋ ಫೋನ್ ಹಚ್ಚಿದ. ನಾ ಒಲೀ ಮುಂದ ಇದ್ದೆ. ತಾಟಿನಾಗ ಏನೋ ಖಣ್ ಅಂತು. ಹೊಳ್ಳಿ ನೋಡೂದ್ರಾಗ ಬೂಟ್ ಹಾಕ್ಲಾಕತ್ತಿದ್ದ. ಎಲ್ಲಿಗೋ ಅಂದೆ. ಹದಿನಾಲ್ಕು ಬಿದ್ದದವ್ವ ಅಂದ. ಅಷ್ಟೇ ಅಂದು ಹ್ವಾದ."

ಎದ್ದು ಒಳಗಿನ ಗೂಡಿಗೆ ಕೈ ಹಾಕಿ ಏನನ್ನೋ ತಂದರು. ಕೆಂಪು ದಾಳ. "ಅಂಗಿ ಕಿಸೆದಾಗಿತ್ತು. ಗುಂಡಿ ಹಾಕ್ಕೊಂಡಿದ್ದ, ಬೀಳಬಾರದಂತ. ಇದೇನ್ರಿ ಇದು? ಯಾರರ ಕೊಟ್ಟದ್ದೇನು, ಮಾಟದ್ದೇನು? ಇದರ ಮ್ಯಾಲ ಏನ್ ಬರದದ? ನನಗ ಓದಾಕ ಬರಂಗಿಲ್ಲ." ನನ್ನ ಕೈ ಹಿಡಿದು ಅಂಗೈಯಲ್ಲಿ ಇಟ್ಟರು. "ನೀವು ಶಾಣ್ಯಾರು ಇದ್ದೀರಿ. ನನ್ನ ಮಗಗ ಆವತ್ತ ಹೋಗು ಅಂದವರು ಯಾರು, ನಿಮಗೇನರ ಗೊತ್ತದೇನು?"

ಸುತ್ತ ಕುಳಿತವರೆಲ್ಲ ನನ್ನ ಕಡೆ ನೋಡಿದರು. ಚಾ ಕುದಿಯುವ ಸದ್ದು ಕೇಳುತ್ತಿತ್ತು.

ಅಂಗೈ ನೋಡಿಕೊಂಡೆ. ದಾಳದ ಮೇಲ್ಮುಖದಲ್ಲಿ ಹದಿನಾರು ಇತ್ತು. ಸಂದಿಯಲ್ಲಿ ಸ್ವಲ್ಪ ಕೆಸರು ಉಳಿದಿತ್ತು, ಅಂಕೆ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಇಂಥ ಮಾತು ಹೇಳುವುದಕ್ಕೆ ಗಡಿ ಎಷ್ಟಿರಬೇಕು ಎಂದು ಯೋಚಿಸಿದೆ. ತಾಯಿಯ ಎದುರು, ಇಷ್ಟು ಜನರ ನಡುವೆ, ಮೂರನೇ ದಿನ. ಹದಿನೈದಕ್ಕಿಂತ ಖಂಡಿತ ಹೆಚ್ಚು. ಹದಿನಾರಕ್ಕಿಂತಲೂ ಹೆಚ್ಚು.

ಹದಿನೇಳು.

"ಗೊತ್ತಿಲ್ರೀ ಅವ್ವಾರ," ಎಂದೆ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಚಾ ಕುಡೀರಿ, ಆರತದ" ಎಂದರು. ಕುಡಿದೆ. ದಾಳವನ್ನು ವಾಪಸ್ ಕೇಳಲಿಲ್ಲ.

ಹಳ್ಳ ದಾಟುವಾಗ ತಾರಿಖ್ ಸೇತುವೆಯ ನಡುವೆ ನಿಂತ. ಯಶವಂತ ಬಾರದ ಆ ರವಿವಾರ ಸಂಜೆಯೇ ಅಣ್ಣನ ಮನೆಗೆ ಹೋಗಿದ್ದೆ ಎಂದ. ದಾಳ ಹಾಕಿರಲಿಲ್ಲವಂತೆ. "ಬಾಗಿಲು ತೆಗೆದು, ಊಟ ಆಯ್ತಾ ಅಂದ್ರು ಸಾಬ್. ಅಷ್ಟೇ. ಆರು ವರ್ಷ." ಇನ್ನು ಮೇಲಿನ ಖೋಲಿಯಲ್ಲಿ ಚಷ್ಮಾದ ಡಬ್ಬಿಗಳನ್ನು ಇಡುತ್ತೇನೆ, ಪಾಟಿ ನೀವು ತೆಗೆದುಕೊಂಡು ಹೋಗಿಬಿಡಿ ಎಂದ. ನನ್ನ ಕಡೆ ನೋಡದೆ ಹೇಳಿದ.

ಪಾಟಿ ಈಗ ಈ ಮೇಜಿನ ಮೇಲಿದೆ. ದಾಳವೂ ಇದೆ, ತೊಳೆದು ಇಟ್ಟಿದ್ದೇನೆ. ಕಥೆಯ ಕೊನೆಯ ನಾಲ್ಕು ಹಾಳೆ ಹಾಗೇ ಉಳಿದಿವೆ. ಅಂಬರೀನಳಿಗೆ ಒಂದು ಫೋನ್ ಮಾಡಿ ನೋಡಬೇಕು. ಅವಳು ಒಳ್ಳೆಯ ಹುಡುಗಿ, ಹೇಳಿದರೆ ಬರುತ್ತಾಳೆ. ಅದಕ್ಕೆ ಗಡಿ ಎಂಟು ಸಾಕು.